ತೋರಣಗಲ್ಲಿನ ಉಕ್ಕು, ಬೆಂಗಳೂರಿನ ತಂಡ

ಕೂಡ್ಲಿಗಿಯಿಂದ ಸಂಡೂರು ದಾಟಿ ತೋರಣಗಲ್ಲಿಗೆ ಹೋದವರಿಗೆಲ್ಲ ಅಲ್ಲಿನ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆ ಗೊತ್ತು. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಎಷ್ಟೋ ಮನೆಗಳ ಹುಡುಗರು ಡಿಪ್ಲೊಮಾ ಮುಗಿಸಿ ಗುತ್ತಿಗೆ ಕೆಲಸ ಹುಡುಕಿಕೊಂಡು ಹೋಗುವುದು ಅಲ್ಲಿಗೇ. ಅದಿರಿನ ಲಾರಿ, ಕೆಂಪು ಧೂಳು, ರಾತ್ರಿ ಪಾಳಿ. ಆ ಹೆಸರು ಹೇಳಿದರೆ ನಮಗೆ ನೆನಪಾಗುವುದು ಇಷ್ಟೇ. ಆದರೆ ಅದೇ ಕಂಪೆನಿ 2013ರಲ್ಲಿ ಒಂದು ಫುಟ್ಬಾಲ್ ತಂಡ ಕಟ್ಟಿತು, ಆ ತಂಡ ತನ್ನ ಮೊದಲ ಋತುವಿನಲ್ಲೇ ದೇಶದ ಚಾಂಪಿಯನ್ ಆಯಿತು ಎಂಬುದು ನಮ್ಮ ಈ ಐದು ತಾಲೂಕುಗಳಲ್ಲಿ ಎಷ್ಟು ಮಂದಿಗೆ ಗೊತ್ತು?

ತಂಡದ ಹೆಸರು ಬೆಂಗಳೂರು ಎಫ್‌ಸಿ. ಆಗ ದೇಶದ ಅತ್ಯುನ್ನತ ಲೀಗ್ ಎಂದರೆ ಐ-ಲೀಗ್. ಅದಕ್ಕೂ ಮೊದಲು ಬೆಂಗಳೂರಿನಿಂದ ರಾಷ್ಟ್ರೀಯ ಲೀಗಿನಲ್ಲಿ ಆಡುತ್ತಿದ್ದವು ಸರಕಾರಿ ಕಾರ್ಖಾನೆಗಳ ತಂಡಗಳು. ಟೆಲಿಫೋನ್ ತಯಾರಿಸುವ ಐಟಿಐ, ವಿಮಾನ ತಯಾರಿಸುವ ಎಚ್‌ಎಎಲ್. ಚೆನ್ನಾಗಿ ಆಡುವ ಹುಡುಗನಿಗೆ ಅಲ್ಲಿ ನೌಕರಿ ಸಿಗುತ್ತಿತ್ತು. ಕಾಲು ಸೋತ ಮೇಲೂ ಮೇಜು-ಕುರ್ಚಿ ಇರುತ್ತಿತ್ತು, ನಿವೃತ್ತಿಯ ನಂತರ ಕೈಗೆ ಒಂದಿಷ್ಟು ಹಣ ಬರುತ್ತಿತ್ತು. ಎಚ್‌ಎಎಲ್ ತಂಡ 2012ರಲ್ಲಿ ಐ-ಲೀಗಿನಿಂದ ಕೆಳಗಿಳಿಯಿತು. ಮುಂದಿನ ಋತುವಿನಲ್ಲಿ ಕರ್ನಾಟಕದ ಒಂದೇ ಒಂದು ತಂಡವೂ ಅಲ್ಲಿರಲಿಲ್ಲ.

ಅಂಥ ಹೊತ್ತಿನಲ್ಲಿ ಫುಟ್ಬಾಲ್ ಫೆಡರೇಶನ್ ಕಂಪೆನಿಗಳಿಗೆ ನೇರ ಪ್ರವೇಶದ ಬಾಗಿಲು ತೆರೆಯಿತು. ಎರಡನೇ ದರ್ಜೆಯಲ್ಲಿ ಆಡಿ ಗೆದ್ದು ಮೇಲೇರುವ ಕಷ್ಟ ಈ ಹೊಸ ತಂಡಕ್ಕೆ ಇರಲಿಲ್ಲ. ವರ್ಷಗಟ್ಟಲೆ ಕೆಳಗೆ ಬೆವರು ಸುರಿಸುತ್ತಿದ್ದ ಸಣ್ಣ ತಂಡಗಳಿಗೆ ಇದು ನ್ಯಾಯವೇ ಎಂದು ಕೇಳಿದರೆ ಅಲ್ಲವೆಂದೇ ನಾನು ಹೇಳುತ್ತೇನೆ. ಆದರೆ ಬಾಗಿಲು ದಾಟಿ ಒಳಗೆ ಬಂದ ಮೇಲೆ ಅವರು ಮಾಡಿದ ಕೆಲಸವನ್ನು ಮೆಚ್ಚದಿರಲು ಸಾಧ್ಯವಿಲ್ಲ.

2013ರ ಸೆಪ್ಟೆಂಬರ್ 22ರಂದು ಬೆಂಗಳೂರಿನ ಅಶೋಕನಗರದ ಹಳೆಯ ಫುಟ್ಬಾಲ್ ಕ್ರೀಡಾಂಗಣದಲ್ಲಿ ಮೊದಲ ಪಂದ್ಯ. ಎದುರಿಗೆ ನೂರು ವರ್ಷಕ್ಕೂ ಹಳೆಯದಾದ ಕೋಲ್ಕತಾದ ಮೋಹನ್ ಬಗಾನ್. ಪಂದ್ಯ 1-1ರಲ್ಲಿ ಸಮವಾಯಿತು. ತಂಡದ ಮೊಟ್ಟಮೊದಲ ಗೋಲು ಆಸ್ಟ್ರೇಲಿಯಾದ ಶಾನ್ ರೂನಿಯದು. ನಾಯಕ ಸುನಿಲ್ ಛೆಟ್ರಿ, ತರಬೇತುದಾರ ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್. ರಕ್ಷಣೆಗೆ ಇಂಗ್ಲೆಂಡಿನ ಜಾನ್ ಜಾನ್ಸನ್ ಮತ್ತು ಕೀನ್ಯಾದ ಕರ್ಟಿಸ್ ಒಸಾನೊ. ಉಳಿದವರು ಮಣಿಪುರ, ಮಿಜೋರಾಂ, ಕೇರಳ ಹೀಗೆ ನಾನಾ ಕಡೆಯವರು. ಬೆಂಗಳೂರಿನ ಹುಡುಗ ಶಂಕರ್ ಸಂಪಂಗಿರಾಜ್ ಕೂಡ ತಂಡದಲ್ಲಿದ್ದರು. ಕರ್ನಾಟಕದವರು ಬೆರಳೆಣಿಕೆಯಷ್ಟೇ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಲೀಗಿನಲ್ಲಿ ಹದಿಮೂರು ತಂಡಗಳು, ಪ್ರತಿಯೊಂದಕ್ಕೂ 24 ಪಂದ್ಯ. ವೆಸ್ಟ್‌ವುಡ್ ಶಿಸ್ತಿನ ಮನುಷ್ಯ. ದೇಹದ ಕಸುವಿಗೆ ಅವರು ಕೊಟ್ಟ ಒತ್ತು ನಮ್ಮ ದೇಶದ ತಂಡಗಳಲ್ಲಿ ಅದುವರೆಗೆ ಅಪರೂಪವಾಗಿತ್ತು. 2014ರ ಏಪ್ರಿಲ್ 21ರಂದು ಗೋವಾದ ಫಟೋರ್ಡಾದಲ್ಲಿ ಡೆಂಪೊ ವಿರುದ್ಧ 4-2ರ ಗೆಲುವಿನೊಂದಿಗೆ ಪ್ರಶಸ್ತಿ ಖಚಿತವಾಯಿತು. ಋತು ಮುಗಿದಾಗ 14 ಗೆಲುವು, 5 ಸಮ, 5 ಸೋಲು, ಒಟ್ಟು 47 ಅಂಕ. ಈಸ್ಟ್ ಬೆಂಗಾಲ್ ಎರಡನೇ ಸ್ಥಾನ. ಛೆಟ್ರಿಯೊಬ್ಬರದೇ 14 ಗೋಲು. ಹಿಂದಿನ ವರ್ಷ ಅವರು ಚರ್ಚಿಲ್ ಬ್ರದರ್ಸ್ ಜತೆಗೂ ಇದೇ ಲೀಗ್ ಗೆದ್ದಿದ್ದರು.

ಅದೇ ಋತುವಿನಲ್ಲಿ ಕೋಲ್ಕತಾದ ಮೊಹಮ್ಮಡನ್ ಸ್ಪೋರ್ಟಿಂಗ್ ಡುರಾಂಡ್ ಕಪ್ ಗೆದ್ದೂ ಲೀಗಿನಿಂದ ಕೆಳಗಿಳಿಯಿತು. ನಮ್ಮ ಹಿರಿಯರಲ್ಲಿ ಅನೇಕರಿಗೆ ಫುಟ್ಬಾಲ್ ಎಂದರೆ ಅದೊಂದೇ ಹೆಸರು. ಅದು ಮತ್ತೆ ಮೇಲಿನ ದರ್ಜೆಗೆ ಬರಲು 2024ರವರೆಗೆ ಕಾಯಬೇಕಾಯಿತು. ಹಾಗೆ ನೋಡಿದರೆ ನಮ್ಮ ರಾಜ್ಯದ ಕಥೆ ಇನ್ನೂ ಹಳೆಯದು. ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಅದು 1937ರಲ್ಲಿ. ಅಲ್ಲಿಯವರೆಗೆ ಆ ಕಪ್ ಬ್ರಿಟಿಷರ ಸೈನಿಕ ತಂಡಗಳ ಸೊತ್ತಿನಂತಿತ್ತು. ಮರುವರ್ಷ ಮತ್ತೆ ಇವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆಡಿದ ಅಹ್ಮದ್ ಖಾನ್ ಬೆಂಗಳೂರಿನವರು. ಆ ತಂಡದ ಬಹುಪಾಲು ಆಟಗಾರರು ಬರಿಗಾಲಲ್ಲೇ ಆಡಿದ್ದರು.

ಇದನ್ನೆಲ್ಲ ಈಗ ಬರೆಯಲು ಕಾರಣ ಕೊಟ್ಟೂರಿನ ಓದುಗ ಸಹೋದರಿಯೊಬ್ಬರ ಪತ್ರ. ಅವರ ಮಗನಿಗೆ ಹನ್ನೆರಡು ವರ್ಷ. ದಿನವಿಡೀ ಚೆಂಡು. “ಟಿವಿಯಲ್ಲಿ ನೋಡಿ ತಾನೂ ಛೆಟ್ರಿ ಆಗುತ್ತೇನೆ ಅನ್ನುತ್ತಾನೆ. ಅವನ ಅಬ್ಬಾ ಚೆಂಡನ್ನು ಅಟ್ಟದ ಮೇಲೆ ಇಟ್ಟುಬಿಟ್ಟಿದ್ದಾರೆ. ಬೆಂಗಳೂರಿಗೆ ಕಳಿಸುವ ಶಕ್ತಿ ನಮಗಿಲ್ಲ. ಏನು ಮಾಡಲಿ?” ಎಂದು ಕೇಳಿದ್ದಾರೆ.

ಸಹೋದರಿ, ಬೆಂಗಳೂರಿನ ತನಕ ಹೋಗಬೇಕಾಗಿಲ್ಲ. ಆ ತಂಡದ ವಸತಿ ಅಕಾಡೆಮಿ ಇರುವುದೇ ತೋರಣಗಲ್ಲಿನ ಬಳಿ, ವಿಜಯನಗರ ಟೌನ್‌ಶಿಪ್ಪಿನಲ್ಲಿ. ಜೆಎಸ್‌ಡಬ್ಲ್ಯು 2018ರಲ್ಲಿ ಅಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ಕ್ರೀಡಾ ಸಂಸ್ಥೆ ತೆರೆಯಿತು. ಕುಸ್ತಿ, ಬಾಕ್ಸಿಂಗ್, ಜೂಡೊ, ಓಟದ ತರಬೇತಿಯೂ ಅಲ್ಲಿದೆ. ದೇಶದ ಮೂಲೆಮೂಲೆಯ ಮಕ್ಕಳು ಅಲ್ಲಿ ಬಂದು ಕಲಿಯುತ್ತಾರೆ. ಐಜ್ವಾಲಿನ ಹುಡುಗನಿಗೆ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ. ಕೂಡ್ಲಿಗಿಯ ಹುಡುಗನಿಗೆ ಎರಡು ತಾಸಿನ ಬಸ್ಸು. ಆದರೆ ದಾರಿ ಹತ್ತಿರವಿದ್ದ ಮಾತ್ರಕ್ಕೆ ಒಳಗೆ ಸೇರಿಸಿಕೊಳ್ಳುವುದಿಲ್ಲ. 371ಜೆ ಕಲಮಿನಿಂದ ನಮ್ಮ ಭಾಗದವರಿಗೆ ಕಾಲೇಜಿನಲ್ಲಿ, ಸರಕಾರಿ ನೌಕರಿಯಲ್ಲಿ ಪಾಲು ಸಿಕ್ಕಿದೆ. ಹರಪನಹಳ್ಳಿಯವರು ದಾವಣಗೆರೆ ಬಿಟ್ಟು ಮತ್ತೆ ಬಳ್ಳಾರಿ ಸೇರಿದ್ದೂ ಆ ಆಸೆಯಿಂದಲೇ. ಹನ್ನೊಂದು ಮಂದಿಯ ತಂಡದಲ್ಲಿ ಅಂಥ ಪಾಲು ಯಾರಿಗೂ ಇಲ್ಲ. ಆಯ್ಕೆಯ ದಿನ ಚೆಂಡಿನೊಂದಿಗೆ ಏನು ಮಾಡುತ್ತಾನೆ ಎಂಬುದನ್ನು ಮಾತ್ರ ನೋಡುತ್ತಾರೆ.

ಮಿಜೋರಾಂ, ಮಣಿಪುರದ ಮಕ್ಕಳು ಹೇಗೆ ಮುಂದೆ ಬಂದರು? ಅಲ್ಲಿ ಊರೂರಿಗೆ ಮೈದಾನ, ಕೇರಿಕೇರಿಗೆ ಪಂದ್ಯಾವಳಿ. ಮಗು ನಡೆಯಲು ಕಲಿತ ಕೂಡಲೇ ಚೆಂಡು ಒದೆಯುತ್ತದೆ. ನಮ್ಮಲ್ಲಿ ಹೈಸ್ಕೂಲಿನ ಬಯಲಿನಲ್ಲಿ ಕ್ರಿಕೆಟ್ ಇಲ್ಲವೇ ವಾಲಿಬಾಲ್. ಗೋಲಿನ ಕಂಬ ಇದ್ದರೂ ಅದಕ್ಕೆ ಬಲೆ ಇರುವುದಿಲ್ಲ. ಹದಿನಾರು ವರ್ಷಕ್ಕೆ ಮೊದಲ ಸಲ ಬೂಟು ಹಾಕಿಕೊಂಡವನು ಆ ಮಕ್ಕಳ ಮುಂದೆ ಎಷ್ಟು ಹೊತ್ತು ನಿಲ್ಲಬಲ್ಲ? ಆದ್ದರಿಂದ ನಿಮ್ಮ ಮಗನ ಹನ್ನೆರಡು ವರ್ಷ ಚಿಕ್ಕ ವಯಸ್ಸಲ್ಲ. ಚೆಂಡನ್ನು ಅಟ್ಟದಿಂದ ಇಳಿಸಲು ಅವನ ಅಬ್ಬಾನಿಗೆ ಹೇಳಿ. ದೈಹಿಕ ಶಿಕ್ಷಕರನ್ನು ಕಂಡು, ಅಕಾಡೆಮಿಯ ಆಯ್ಕೆ ಯಾವಾಗ, ಯಾವ ವಯಸ್ಸಿನವರಿಗೆ ಎಂದು ಕೇಳಿಸಿ. ಶಾಲೆಯ ಓದಿಗೆ ಅಲ್ಲಿ ಏನು ವ್ಯವಸ್ಥೆ, ಗಾಯವಾದರೆ ಯಾರ ಖರ್ಚು ಎಂದೂ ಕೇಳಿ. “ತಂಡಕ್ಕೆ ಸೇರಿಸುತ್ತೇನೆ, ಇಷ್ಟು ಹಣ ಕೊಡಿ” ಎನ್ನುವವರು ಬಂದರೆ ಹೊಸ್ತಿಲಲ್ಲೇ ಕಳಿಸಿಬಿಡಿ.

ಅವನ ಅಬ್ಬಾನ ಚಿಂತೆಯೂ ಸುಳ್ಳಲ್ಲ. ಐಟಿಐ, ಎಚ್‌ಎಎಲ್ ಕೊಡುತ್ತಿದ್ದ ಕಾಯಂ ನೌಕರಿ ಈಗಿನ ಕ್ಲಬ್ಬುಗಳಲ್ಲಿ ಇಲ್ಲ. ಇಲ್ಲಿ ಎಲ್ಲವೂ ಒಂದೆರಡು ವರ್ಷದ ಒಪ್ಪಂದ. ಬೆಂಗಳೂರು ಎಫ್‌ಸಿ 2016ರಲ್ಲಿ ಮತ್ತೆ ಐ-ಲೀಗ್ ಗೆದ್ದಿತು, 2019ರ ಮಾರ್ಚಿನಲ್ಲಿ ಇಂಡಿಯನ್ ಸೂಪರ್ ಲೀಗನ್ನೂ ಗೆದ್ದಿತು. ಇಷ್ಟಾಗಿಯೂ 2025ರ ಜುಲೈಯಲ್ಲಿ ಸೂಪರ್ ಲೀಗಿನ ವ್ಯವಹಾರದ ಕರಾರು ಇತ್ಯರ್ಥವಾಗದೆ ಹೊಸ ಋತು ತಡೆಹಿಡಿಯಲ್ಪಟ್ಟಾಗ, ಆಗಸ್ಟಿನಲ್ಲಿ ಇದೇ ಕ್ಲಬ್ ಮುಖ್ಯ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಇಷ್ಟು ದೊಡ್ಡ ಉಕ್ಕಿನ ಕಂಪೆನಿಯ ತಂಡಕ್ಕೇ ಹೀಗಾದರೆ ಉಳಿದವರ ಗತಿ ಏನು? ಎಸ್ಸೆಸ್ಸೆಲ್ಸಿಯ ಪುಸ್ತಕ ಚೆಂಡಿನ ಪಕ್ಕದಲ್ಲೇ ಇರಬೇಕು ಎಂದು ನಾನು ಹೇಳುವುದು ಅದಕ್ಕೇ. ಮೂವತ್ತೈದಕ್ಕೆ ಹೆಚ್ಚಿನವರ ಆಟ ಮುಗಿಯುತ್ತದೆ, ಹೊಟ್ಟೆಪಾಡು ಮುಗಿಯುವುದಿಲ್ಲ. ಛೆಟ್ರಿಯಂತೆ ನಲವತ್ತರ ಹೊಸ್ತಿಲಲ್ಲೂ ಆಡುವವರು ಎಲ್ಲೋ ಒಬ್ಬರು.

ಪತ್ರದ ಕೊನೆಗೆ ಆ ಸಹೋದರಿ ಇನ್ನೊಂದು ಸಾಲು ಸೇರಿಸಿದ್ದಾರೆ: “ಮಗಳೂ ಅಣ್ಣನ ಜತೆ ಅಂಗಳದಲ್ಲಿ ಆಡುತ್ತಾಳೆ, ಅವನಿಗಿಂತ ಜೋರಾಗಿ ಒದೆಯುತ್ತಾಳೆ.” ಇದನ್ನು ಅವರು ನಗೆಯ ಮಾತಾಗಿ ಬರೆದಂತಿದೆ. ಆದರೆ ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಂಬ ಹುಡುಗಿಯರ ತಂಡ 2023ರಲ್ಲಿ ರಾಷ್ಟ್ರೀಯ ಮಹಿಳಾ ಲೀಗಿನ ಫೈನಲಿನವರೆಗೆ ಹೋಗಿತ್ತು. ಸಂಬಳ ನಿಲ್ಲಿಸಿದ ಆ ಪ್ರಕಟಣೆಯಲ್ಲಿಯೂ ಬೆಂಗಳೂರು ಎಫ್‌ಸಿ, ಹುಡುಗರು ಮತ್ತು ಹುಡುಗಿಯರ ಕಿರಿಯ ತಂಡಗಳ ತರಬೇತಿ ಎಂದಿನಂತೆ ಮುಂದುವರಿಯುತ್ತದೆ ಎಂದಿತ್ತು. ದೈಹಿಕ ಶಿಕ್ಷಕರನ್ನು ಕಾಣಲು ಹೋಗುವಾಗ ಇಬ್ಬರನ್ನೂ ಕರೆದುಕೊಂಡು ಹೋಗಿ.