ದಡ್ಡಿಯಲ್ಲಿ ಹೊತ್ತು, ದಿಕ್ಕು, ಎತ್ತರ

ಗಡಿಯಾರವೆಂಬ ವಸ್ತು ಹೊತ್ತನ್ನು ಮಾತ್ರ ಹೇಳುತ್ತಿದ್ದ ಕಾಲ ಹಿಂದೆ ಸರಿಯಿತು. ಈಗ ಪೇಟೆಯ ಅಂಗಡಿಗಳಲ್ಲಿ ದೊರೆಯುವ ಒಂದು ಬಗೆಯ ಕೈಗಡಿಯಾರ ಹೊತ್ತಿನೊಡನೆ ದಿಕ್ಕನ್ನೂ, ನಿಂತ ನೆಲದ ಎತ್ತರವನ್ನೂ, ಗಾಳಿಯ ಭಾರವನ್ನೂ ಹೇಳುತ್ತದೆ. ಅದಕ್ಕೆ ಚಾವಿ ಬೇಡ, ಸೆಲ್ ಬದಲಿಸುವ ತಾಪತ್ರಯವೂ ಇಲ್ಲ. ಮುಖದ ಮೇಲೆ ಬಿದ್ದ ಬೆಳಕನ್ನೇ ಉಂಡು ಅದು ನಡೆಯುತ್ತದೆ. ಹಿಮಾಲಯವನ್ನೋ ಆಲ್ಪ್ಸ್ ಪರ್ವತವನ್ನೋ ಏರುವವರಿಗಾಗಿ ಹುಟ್ಟಿದ ಈ ಯಂತ್ರ ಹುಕ್ಕೇರಿ ತಾಲೂಕಿನ ದಡ್ಡಿಯಂಥ ಊರಿಗೆ ಬಂದರೆ ಏನು ಕೆಲಸ ಮಾಡೀತು? ಕಬ್ಬಿನ ಗದ್ದೆ, ಘಟಪ್ರಭೆಯ ದಂಡೆ, ಮಳೆಗಾಲದಲ್ಲಿ ಮೇಲೇರುವ ಹೊಳೆಯ ನೀರು, ಇವುಗಳ ನಡುವೆ ಅದರ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಕೈಗಡಿಯಾರ ಕನ್ನಡಿಗರಿಗೆ ಹೊಸದಲ್ಲ. ೧೯೬೧ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಎಚ್.ಎಂ.ಟಿ. ಬೆಂಗಳೂರಿನಲ್ಲಿ ಗಡಿಯಾರದ ಕಾರ್ಖಾನೆ ತೆರೆಯಿತು. ಅಲ್ಲಿಂದ ಹೊರಟ ಗಡಿಯಾರಗಳು ಮದುವೆಯ ಉಡುಗೊರೆಯಾಗಿ, ನಿವೃತ್ತಿಯ ಕಾಣಿಕೆಯಾಗಿ ಎಷ್ಟೋ ಮನೆಗಳನ್ನು ಸೇರಿದವು. ಅದೇ ಸಿಟಿಜನ್ ಸಂಸ್ಥೆ ೧೯೭೬ರಲ್ಲಿ ಬೆಳಕಿನಿಂದ ನಡೆಯುವ ಮುಳ್ಳಿನ ಗಡಿಯಾರವನ್ನು ಹೊರತಂದಿತು. ಎಚ್.ಎಂ.ಟಿ.ಯ ಗಡಿಯಾರ ಕಂಪನಿಯನ್ನು ಮುಚ್ಚಲು ೨೦೧೬ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಚಾವಿಯ ಗಡಿಯಾರ ಹೀಗೆ ನೆನಪಿನ ಪೆಟ್ಟಿಗೆಗೆ ಸಂದು, ಬಿಸಿಲಿನ ಗಡಿಯಾರ ಮುಂಗೈಗೆ ಬಂದಿತು.

ಹೊರ ಊರಿನಲ್ಲಿ ನೌಕರಿ ಮಾಡುವ ದಡ್ಡಿಯ ತರುಣನೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಲಿ. ಆತ ರಜೆಗೆ ಬಂದಾಗ ಇಂಥದೊಂದು ಗಡಿಯಾರ ಕಟ್ಟಿಕೊಂಡು ಬರುತ್ತಾನೆ. ಹೊಲದಿಂದ ಬಂದ ತಂದೆ ಅದನ್ನು ತಿರುಗಿಸಿ ಮರುಗಿಸಿ ನೋಡುತ್ತಾನೆ.

“ತಮ್ಮಾ, ಇದಕ್ಕ ಚಾವಿ ಕೊಡೂದು ಬ್ಯಾಡೇನು?”

“ಬ್ಯಾಡ ಅಪ್ಪಾ. ಬಿಸಲ ಇದಕ್ಕ ಚಾವಿ.”

“ಹೊತ್ತು ನನಗೂ ಗೊತ್ತೈತಿ, ದಿಕ್ಕೂ ಗೊತ್ತೈತಿ. ಹೊಳಿ ಮನಿಗೆ ಬರತೈತೊ ಇಲ್ಲೊ, ಅದನ್ನ ಹೇಳತೈತೇನು ನಿನ್ನ ಗಡಿಯಾರ?”

ಪ್ರಶ್ನೆ ಒರಟಾಗಿ ಕೇಳಿಸಬಹುದು. ಆದರೆ ಯಂತ್ರದ ಯೋಗ್ಯತೆಯನ್ನು ತೂಗುವುದಕ್ಕೆ ಇದಕ್ಕಿಂತ ಒಳ್ಳೆಯ ತಕ್ಕಡಿ ದೊರೆಯಲಾರದು. ಏಕೆಂದರೆ ೨೦೧೯ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾವಿ ಪಟ್ಟಣದೊಳಕ್ಕೇ ನುಗ್ಗಿದುದನ್ನು ಈ ಸೀಮೆಯ ಜನ ಮರೆತಿಲ್ಲ. ಉತ್ತರ ಹೇಳುವ ಮೊದಲು ಆ ಗಡಿಯಾರ ತನ್ನ ಎತ್ತರವನ್ನು ಹೇಗೆ ತಿಳಿದುಕೊಳ್ಳುತ್ತದೆ ಎಂಬುದನ್ನು ನೋಡಬೇಕು.

ನೆಲವನ್ನು ಅಳೆಯುವ ಶಕ್ತಿ ಅದಕ್ಕಿಲ್ಲ. ಅದು ಅಳೆಯುವುದು ಗಾಳಿಯ ಭಾರವನ್ನು. ಸಮುದ್ರದ ದಂಡೆಯಲ್ಲಿ ಗಾಳಿಯ ಭಾರ ಸರಾಸರಿ ೧೦೧೩ ಮಿಲಿಬಾರು. ಮೇಲೇರಿದಂತೆ ತಲೆಯ ಮೇಲಿನ ಗಾಳಿ ಕಡಿಮೆಯಾಗಿ ಭಾರವೂ ಇಳಿಯುತ್ತದೆ. ಫ್ರಾನ್ಸಿನ ಪಾಸ್ಕಲನ ಕೋರಿಕೆಯಂತೆ ಅವನ ಭಾವ ಪೆರಿಯೆ ಎಂಬಾತ ೧೬೪೮ರ ಸೆಪ್ಟೆಂಬರಿನಲ್ಲಿ ಪಾದರಸದ ನಳಿಗೆಯನ್ನು ಹೊತ್ತು ಪ್ಯೂಯಿ ದ ದೋಮ್ ಎಂಬ ಬೆಟ್ಟವನ್ನು ಏರಿ, ತುದಿಯಲ್ಲಿ ಪಾದರಸ ಕೆಳಗಿಳಿದುದನ್ನು ಕಣ್ಣಾರೆ ಕಂಡನು. ಅಂದು ಆಳುದ್ದದ ಗಾಜಿನ ನಳಿಗೆ ಮಾಡಿದ ಕೆಲಸವನ್ನು ಇಂದು ಗಡಿಯಾರದೊಳಗಿನ, ಎಳ್ಳಿನ ಗಾತ್ರದ ಸಿಲಿಕಾನ್ ಪೊರೆ ಮಾಡುತ್ತದೆ. ಭಾರ ಹೆಚ್ಚು ಕಡಿಮೆಯಾದಂತೆ ಪೊರೆ ಬಾಗುತ್ತದೆ. ಬಾಗಿದಷ್ಟು ವಿದ್ಯುತ್ತು ವ್ಯತ್ಯಾಸವಾಗುತ್ತದೆ. ಯಂತ್ರ ಅದನ್ನು ಮೀಟರಿಗೆ ಪರಿವರ್ತಿಸಿ ತೋರಿಸುತ್ತದೆ. ಈ ಸೀಮೆಯ ಎತ್ತರದಲ್ಲಿ ಒಂದು ಮಿಲಿಬಾರು ಇಳಿಯಬೇಕಾದರೆ ಒಂಬತ್ತು ಮೀಟರಿಗಿಂತ ತುಸು ಹೆಚ್ಚು ಏರಬೇಕು. ೫೨ ಮೀಟರು ಎತ್ತರದ ಗೋಕಾವಿ ಜಲಪಾತದ ತಲೆಗೂ ಪಾದಕ್ಕೂ ಇರುವ ಅಂತರ ಐದೂವರೆ ಮಿಲಿಬಾರಿನಷ್ಟು ಮಾತ್ರ.

ಇಲ್ಲಿಯೇ ತೊಡಕು. ಗಾಳಿಯ ಭಾರ ಎತ್ತರದ ಮಾತನ್ನಷ್ಟೇ ಕೇಳುವುದಿಲ್ಲ. ಉಷ್ಣವಲಯದಲ್ಲಿ ಅದಕ್ಕೊಂದು ದಿನಚರಿಯೇ ಉಂಟು. ಸಮುದ್ರಕ್ಕೆ ಭರತ ಇಳಿತಗಳಿರುವಂತೆ ಗಾಳಿಗೂ ದಿನಕ್ಕೆ ಎರಡು ಭರತ, ಎರಡು ಇಳಿತ. ಬೆಳಗಿನ ಹತ್ತರ ಸುಮಾರಿಗೆ ಭಾರ ಏರಿ ನಿಲ್ಲುತ್ತದೆ, ಸಂಜೆ ನಾಲ್ಕರ ಸುಮಾರಿಗೆ ಇಳಿಯುತ್ತದೆ. ರಾತ್ರಿ ಹತ್ತಕ್ಕೆ ಮತ್ತೆ ಏರಿಕೆ, ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ಇಳಿಕೆ. ಹಗಲಿನ ಈ ಇಳಿತ ಮೂರು ನಾಲ್ಕು ಮಿಲಿಬಾರಿನಷ್ಟಾಗುತ್ತದೆ. ಅದನ್ನು ಗಡಿಯಾರ ಹೇಗೆ ಅರ್ಥ ಮಾಡಿಕೊಳ್ಳಬೇಕು? ಬೆಳಿಗ್ಗೆ ಹತ್ತಕ್ಕೆ ಎತ್ತರವನ್ನು ಸರಿಪಡಿಸಿ, ಊಟ ಮುಗಿಸಿ, ಜಗುಲಿಯ ಮೇಲೆ ಮಲಗಿದ ಮನುಷ್ಯ ನಾಲ್ಕು ಗಂಟೆಗೆ ಎದ್ದು ನೋಡಿದರೆ ಆತ ಮೂವತ್ತು ಮೀಟರು ಮೇಲೇರಿರುತ್ತಾನೆ! ನಿದ್ದೆಯಲ್ಲೇ ಗೋಕಾವಿ ಜಲಪಾತದ ಅರ್ಧಕ್ಕಿಂತ ಹೆಚ್ಚನ್ನು ಹತ್ತಿದ ಪುಣ್ಯಾತ್ಮ! ಮಳೆಗಾಲದಲ್ಲಿ ಗಾಳಿಯ ಭಾರ ಚಳಿಗಾಲಕ್ಕಿಂತ ಕಡಿಮೆಯಾದ್ದರಿಂದ, ಜನವರಿಯಲ್ಲಿ ಸರಿಪಡಿಸಿ ಹಾಗೆಯೇ ಬಿಟ್ಟ ಗಡಿಯಾರ ಜುಲೈಯಲ್ಲಿ ಇಡೀ ದಡ್ಡಿಯನ್ನೇ ಮೇಲಕ್ಕೆತ್ತಿ ತೋರಿಸುತ್ತದೆ.

ಇದು ಯಂತ್ರದ ದೋಷವಲ್ಲ. ತಿಳಿದ ಎತ್ತರದ ಸ್ಥಳದಲ್ಲಿ ಆಗಾಗ ಸರಿಪಡಿಸಿಕೊಳ್ಳಬೇಕೆಂದು ಕೈಪಿಡಿಯಲ್ಲಿಯೇ ಬರೆದಿರುತ್ತದೆ. ಕೈಪಿಡಿಯನ್ನು ಓದುವವರು ಅಪರೂಪ, ಅಷ್ಟೆ. ತಿಳಿದ ಎತ್ತರವನ್ನು ಎಲ್ಲಿಂದ ತರುವುದು? ರೈಲು ನಿಲ್ದಾಣಗಳ ಹಳದಿ ಹಲಗೆಯ ಮೇಲೆ ಸಮುದ್ರ ಮಟ್ಟದಿಂದ ಎತ್ತರವನ್ನು ಬರೆದಿರುವ ಪದ್ಧತಿಯುಂಟು. ಘಟಪ್ರಭಾ ನಿಲ್ದಾಣಕ್ಕೆ ಹೋದವರು ಅಲ್ಲಿ ಗಡಿಯಾರವನ್ನು ತಿದ್ದಿಕೊಳ್ಳಬಹುದು. ಆದರೆ ಹುಕ್ಕೇರಿ ತಾಲೂಕಿನವರಿಗೆ ಅದಕ್ಕಿಂತ ಸೊಗಸಾದ ಗುರುತೊಂದಿದೆ. ಹಿಡಕಲ್ ಜಲಾಶಯ ತುಂಬಿದಾಗ ಅದರ ನೀರಿನ ಮಟ್ಟ ಸಮುದ್ರದಿಂದ ೨೧೭೫ ಅಡಿ, ಎಂದರೆ ೬೬೩ ಮೀಟರಿಗೆ ಕೂದಲೆಳೆ ಕಡಿಮೆ. ನಿಂತ ನೀರು ತನ್ನ ಮಟ್ಟವನ್ನು ತಾನೇ ಕಾಯ್ದುಕೊಳ್ಳುವ ವಸ್ತು. ಅಣೆಕಟ್ಟಿನ ಬಳಿ ಇರುವ ಮಟ್ಟವೇ, ಮೈಲಿಗಟ್ಟಲೆ ಹಿಂದಕ್ಕೆ ಹಬ್ಬಿದ ಹಿನ್ನೀರಿನ ಅಂಚಿಗೂ. ಜಲಾಶಯದ ಅಂದಂದಿನ ಮಟ್ಟ ಮಳೆಗಾಲದಲ್ಲಿ ವೃತ್ತಪತ್ರಿಕೆಗಳಲ್ಲಿ ಬರುತ್ತದೆ. ಅದನ್ನು ಓದಿಕೊಂಡು, ಹೊಳೆಯ ಸೆಳೆತವಿಲ್ಲದ ಕಡೆ ಹಿನ್ನೀರಿನ ಅಂಚಿನಲ್ಲಿ ನಿಂತು ಆ ಅಂಕಿಯನ್ನು ಗಡಿಯಾರಕ್ಕೆ ಕೊಟ್ಟರೆ ಸಾಕು. ಕೋಟ್ಯಂತರ ರೂಪಾಯಿ ವೆಚ್ಚದ ಅಣೆಕಟ್ಟು ಹೀಗೆ ಒಂದು ಕೈಗಡಿಯಾರದ ಗುರುವಾಗುತ್ತದೆ.

ಸರಿಪಡಿಸಿಕೊಂಡ ಮೇಲೂ ಮತ್ತೊಂದು ಸೂಕ್ಷ್ಮ ಉಳಿಯುತ್ತದೆ. ಗಡಿಯಾರದ ಲೆಕ್ಕವೆಲ್ಲ ತಂಪು ದೇಶದ ಗಾಳಿಯನ್ನು ಹಿಡಿದು ಮಾಡಿದ್ದು. ದಡ್ಡಿಯ ಎತ್ತರದಲ್ಲಿ ಹನ್ನೊಂದು ಡಿಗ್ರಿ ಉಷ್ಣತೆಯಿರುತ್ತದೆಂದು ಅದು ನಂಬಿದೆ. ಬೇಸಿಗೆಯಲ್ಲಂತೂ ಹೋಗಲಿ, ಶ್ರಾವಣದಲ್ಲಿಯೂ ಇಲ್ಲಿಯ ಹಗಲು ಅಷ್ಟು ತಣ್ಣಗಿರುವುದಿಲ್ಲ. ಬಿಸಿ ಗಾಳಿ ಹಗುರ. ಆದ್ದರಿಂದ ಮೂವತ್ತು ಡಿಗ್ರಿಯ ದಿನ ನೂರು ಮೀಟರು ಹತ್ತಿದವನಿಗೆ ಅದು ತೊಂಬತ್ತನಾಲ್ಕರಷ್ಟು ಎಂದೇ ಹೇಳುತ್ತದೆ. ಸಂಕೇಶ್ವರದ ಹತ್ತಿರದ ವಲ್ಲಭಗಡವನ್ನು ಹತ್ತಿ ಇಳಿಯುವವನಿಗೆ ಈ ವ್ಯತ್ಯಾಸ ಬೇಸರ ತರಲಾರದು. ಬೆವರಿಗೆ ತಕ್ಕ ಕೂಲಿ ಸಿಗಲಿಲ್ಲವೆಂದು ಗೊಣಗಬಹುದು.

ಇನ್ನು ತಂದೆಯ ಪ್ರಶ್ನೆ. ಹೊಳೆ ಮನೆಗೆ ಬರುವುದೋ ಇಲ್ಲವೋ ಎಂಬುದು ಒಂದು ಮೊಳ ಎರಡು ಮೊಳದ ವಿಚಾರ. ಹೊಸ್ತಿಲಿನ ಎತ್ತರವೇ ಅಲ್ಲಿ ಅಳತೆ. ದಿನದಲ್ಲಿ ಮೂವತ್ತು ಮೀಟರು ಓಲಾಡುವ ಮಾಪಕ ಆ ಮಾತನ್ನು ಹೇಳಲಾರದು, ಹೇಳಿದರೂ ಕೇಳಬಾರದು. ಮನೆಯ ಅಂಗಳದಲ್ಲಿ ನಿಂತು ‘ಎಪ್ಪತ್ತು ಮೀಟರು ಮೇಲಿದ್ದೇವೆ, ನೀರು ಬಾರದು’ ಎಂದು ಗಡಿಯಾರ ನೋಡಿ ನಿಶ್ಚಿಂತರಾಗುವುದು ಅಪಾಯದ ಕೆಲಸ. ಹೊಳೆಯ ದಂಡೆಯ ಮೆಟ್ಟಿಲುಗಳನ್ನು ಎಣಿಸಿ, ಹಿಂದಿನ ನೆರೆಯ ನೀರು ಗೋಡೆಯ ಮೇಲೆ ಬಿಟ್ಟುಹೋದ ಗೆರೆಯನ್ನು ನೋಡಿ, ಸಂಜೆಯಿಂದ ಬೆಳಗಿನವರೆಗೆ ಎಷ್ಟು ಮೆಟ್ಟಿಲು ಮುಳುಗಿದವೆಂದು ಲೆಕ್ಕ ಹಾಕುವ ಹಿರಿಯರ ವಿದ್ಯೆ ಈ ವಿಷಯದಲ್ಲಿ ಎಷ್ಟೋ ನಿಖರ. ಜಲಾಶಯದಿಂದ ನೀರು ಬಿಡುವ ಮುನ್ನ ಕೆಳಗಿನ ಊರುಗಳಿಗೆ ಬರುವ ಎಚ್ಚರಿಕೆಗೂ ಗಡಿಯಾರ ಬದಲಿಯಾಗಲಾರದು.

ಕೆಲವು ಗಡಿಯಾರಗಳಲ್ಲಿ ಬಿರುಗಾಳಿಯ ಮುನ್ಸೂಚನೆಗೆಂದು ಗಂಟೆಯೂ ಇದೆ: ಮೂರು ಗಂಟೆಗಳಲ್ಲಿ ನಾಲ್ಕು ಮಿಲಿಬಾರು ಇಳಿದರೆ ಅದು ಬಾರಿಸುತ್ತದೆ. ಯೂರೋಪಿನ ಹವೆಗೆ ಹೊಂದಿಸಿದ ಉಪಾಯವಿದು. ಇಲ್ಲಿಯ ಮುಂಗಾರು ಮಳೆ ಅಂಥ ದಿಢೀರ್ ಇಳಿತವನ್ನು ಮುಂದಾಗಿ ಕಳಿಸಿ ಬರುವುದಿಲ್ಲ. ವಾರಗಟ್ಟಲೆ ಸುರಿದರೂ ಗಂಟೆ ಬಾರಿಸದೆ ಇರಬಹುದು. ಘಟಪ್ರಭೆ ಹುಟ್ಟುವುದು ಪಶ್ಚಿಮ ಘಟ್ಟದಲ್ಲಿ. ಅಲ್ಲಿ ಸುರಿದ ಮಳೆ ಇಲ್ಲಿಗೆ ಹೊಳೆಯಾಗಿ ಬರುತ್ತದೆಯೇ ಹೊರತು ಗಾಳಿಯ ಭಾರವಾಗಿ ಅಲ್ಲ.

ದಿಕ್ಕಿನ ವಿಷಯದಲ್ಲಿ ಗಡಿಯಾರದ ಮರ್ಯಾದೆ ಹೆಚ್ಚು. ಬೆಳಗಾವಿ ಸೀಮೆಯಲ್ಲಿ ಅಯಸ್ಕಾಂತದ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ಅಂತರ ಒಂದು ಅಂಶದ ಆಸುಪಾಸು. ಅಮೆರಿಕದ ಕೆಲವು ಭಾಗಗಳಲ್ಲಿ ಅದು ಹತ್ತು ಅಂಶವನ್ನೂ ಮೀರುತ್ತದೆ. ಆಳೆತ್ತರ ಮೀರಿದ ಕಬ್ಬಿನೊಳಗೆ ಹೊಕ್ಕವನಿಗೆ ದಿಕ್ಕು ತಪ್ಪುವುದುಂಟು; ಅಲ್ಲಿ ಇದು ನೆಚ್ಚಿನ ಸಂಗಾತಿ. ಆದರೆ ಗಡಿಯಾರವನ್ನು ಮಟ್ಟವಾಗಿ ಹಿಡಿಯಬೇಕು; ಟ್ರ್ಯಾಕ್ಟರು, ಮೋಟರ್‌ಸೈಕಲ್ಲು, ಚಕ್ಕಡಿಯ ಕಬ್ಬಿಣದ ಪಟ್ಟಿ ಇವುಗಳಿಂದ ಹತ್ತು ಹೆಜ್ಜೆ ದೂರ ನಿಲ್ಲಬೇಕು. ಕಬ್ಬಿಣದ ಸರಳು ತುಂಬಿದ ಕಾಂಕ್ರೀಟು ಚಾವಣಿಯ ಕೆಳಗೆ ನಿಂತು ವಾಸ್ತುವಿನ ಈಶಾನ್ಯವನ್ನು ಹುಡುಕುವವರ ಪಾಡು ಕಷ್ಟ: ಕೋಣೆಯಿಂದ ಕೋಣೆಗೆ ಈಶಾನ್ಯ ಓಡಾಡಿ, ಅಡುಗೆಮನೆ ಎಲ್ಲಿರಬೇಕೆಂಬುದೇ ಜಗಳವಾದೀತು.

ಮುಳ್ಳಿನ ಗಡಿಯಾರವಿದ್ದರೆ ದಿಕ್ಸೂಚಿಯೇ ಬೇಡವೆಂದು ಬಾಲವೀರರಿಗೆ ಕಲಿಸುವ ಹಳೆಯ ಉಪಾಯವೊಂದಿದೆ. ಗಂಟೆಯ ಮುಳ್ಳನ್ನು ಸೂರ್ಯನತ್ತ ತಿರುಗಿಸಿ, ಅದಕ್ಕೂ ಹನ್ನೆರಡಕ್ಕೂ ನಡುವಿನ ಗೆರೆಯೇ ದಕ್ಷಿಣ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಸರಿ. ದಡ್ಡಿಯಲ್ಲಿ ಮೇ ೫ರ ಆಸುಪಾಸಿನಲ್ಲಿಯೂ ಆಗಸ್ಟ್ ೮ರ ಆಸುಪಾಸಿನಲ್ಲಿಯೂ ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ನಿಂತು ನೆರಳನ್ನು ಕಾಲಡಿಗೆ ತರುತ್ತಾನೆ. ಆ ಎರಡು ದಿನಗಳ ನಡುವಣ ಮೂರು ತಿಂಗಳು ಮಧ್ಯಾಹ್ನದ ಸೂರ್ಯ ಇರುವುದು ಉತ್ತರಕ್ಕೆ! ಆ ಉಪಾಯವನ್ನು ನಂಬಿ ಆಗ ಹೊರಟವನು ಬಂದ ದಾರಿಗೇ ಬೆನ್ನು ಹಾಕದೆ ಮುಖ ಮಾಡಿಯಾನು.

ಹನ್ನೆರಡೂ ಇಲ್ಲಿ ಹನ್ನೆರಡಲ್ಲ. ಭಾರತದ ಸಮಯವನ್ನು ಎಣಿಸುವುದು ಎಂಬತ್ತೆರಡೂವರೆ ಅಂಶದ ರೇಖಾಂಶದಿಂದ. ದಡ್ಡಿ ಇರುವುದು ಅದರಿಂದ ಎಂಟು ಅಂಶ ಪಡುವಣಕ್ಕೆ. ಅಂಶಕ್ಕೆ ನಾಲ್ಕು ನಿಮಿಷದಂತೆ ಅರ್ಧ ಗಂಟೆಗೂ ಮೀರಿದ ಅಂತರ. ನವೆಂಬರಿನ ಆರಂಭದಲ್ಲಿ ಇಲ್ಲಿಯ ನಿಜವಾದ ನಡುಹಗಲು ೧೨-೧೬ರ ಹೊತ್ತಿಗೆ, ಫೆಬ್ರವರಿಯ ನಡುವೆ ೧೨-೪೬ರ ಹೊತ್ತಿಗೆ. ೧೯೦೬ರಲ್ಲಿ ಈ ಏಕಸಮಯ ಬಂದಾಗ ಮುಂಬಯಿ ನಗರ ಒಪ್ಪದೆ, ಅದಕ್ಕಿಂತ ೩೯ ನಿಮಿಷ ಹಿಂದಿನ ತನ್ನದೇ ಸಮಯವನ್ನು ಹಲವು ದಶಕ ಹಟದಿಂದ ನಡೆಸಿತು. ಸೂರ್ಯನ ಲೆಕ್ಕದಲ್ಲಿ ಅದರ ಹಟ ನ್ಯಾಯವಾದುದೇ.

ಗಡಿಯಾರದ ದಿಕ್ಸೂಚಿಯನ್ನು ಪರೀಕ್ಷಿಸಬೇಕೆನ್ನುವವರು ಚಳಿಗಾಲದ ಒಂದು ದಿನ ಅಂಗಳದಲ್ಲಿ ನೆಟ್ಟನೆಯ ಕೋಲೊಂದನ್ನು ನೆಡಲಿ. ಹನ್ನೆರಡರಿಂದ ಒಂದರವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಕಲ್ಲಿಡಲಿ. ಕೋಲಿನ ಬುಡದಿಂದ ಅತಿ ಹತ್ತಿರವಿರುವ ಕಲ್ಲಿಗೆ ದಾರ ಎಳೆದರೆ ಅದೇ ನಿಜವಾದ ಉತ್ತರ. ಗಡಿಯಾರದ ಉತ್ತರ ಆ ದಾರದಿಂದ ಒಂದೆರಡು ಅಂಶಕ್ಕಿಂತ ಹೆಚ್ಚು ಸರಿದಿದ್ದರೆ ಅದನ್ನು ಕೈಪಿಡಿಯಂತೆ ತಿರುಗಿಸಿ ತಿದ್ದಿಕೊಳ್ಳಬೇಕು.

ಆಹಾರದ ವಿಷಯದಲ್ಲಿ ಈ ಯಂತ್ರ ಮಿತಭೋಜಿ. ದಿನದ ಸಾಮಾನ್ಯ ಬಳಕೆಗೆ ಬಯಲಿನ ಬಿಸಿಲು ಐದಾರು ನಿಮಿಷ ಸಾಕು. ಕೋಣೆಯ ದೀಪದ ಬೆಳಕಾದರೆ ಎಂಟು ಗಂಟೆ ಬೇಕೆಂದು ತಯಾರಕರೇ ಹೇಳುತ್ತಾರೆ. ಮೋಡ ಕವಿದ ಆಷಾಢದ ಹಗಲಿನಲ್ಲಿಯೂ ಬಯಲಿಗೆ ಬಂದರೆ ಅದಕ್ಕೆ ಉಪವಾಸವಿಲ್ಲ. ಆದರೆ ಕಂಬಳಿಯ ಕೊಪ್ಪೆಯೊಳಗೆ, ಉದ್ದ ತೋಳಿನ ಅಂಗಿಯ ಕೆಳಗೆ ಕೈ ಇದ್ದರೆ ಬಿಸಿಲಿದ್ದೂ ಇಲ್ಲದಂತೆ. ದಿಕ್ಸೂಚಿಯನ್ನು ಪದೇ ಪದೇ ಒತ್ತಿ ನೋಡುವ ಮಕ್ಕಳ ಕೈಗೆ ಸಿಕ್ಕಿದರೆ ಖರ್ಚು ಜಮೆಯನ್ನು ಮೀರುತ್ತದೆ. ಆಗ ಅದು ಹೊತ್ತನ್ನು ಮಾತ್ರ ತೋರಿಸಿ ಉಳಿದುದಕ್ಕೆ ಬಾಯಿ ಮುಚ್ಚುತ್ತದೆ. ಬೇಗ ತುಂಬಲೆಂದು ಬೇಸಿಗೆಯ ಮಧ್ಯಾಹ್ನ ಹಂಚಿನ ಮೇಲೋ, ಕಾದ ಬಂಡೆಯ ಮೇಲೋ ಇಡುವುದು ತರವಲ್ಲ. ಬೆಳಕು ಬೇಕಾದುದಕ್ಕೆ ಬೇಗೆ ತಾಗಿ ಒಳಗಿನ ಸಂಚಯಕೋಶ ಕೆಡುತ್ತದೆ. ಕಿಟಕಿಯ ಹಲಗೆ ಸಾಕು. ರಜೆ ಮುಗಿಸಿ ಹೊರಡುವ ತರುಣ ಅದನ್ನು ತಂದೆಗೆ ಬಿಟ್ಟುಹೋಗುವುದಾದರೆ, ಟ್ರಂಕಿನೊಳಗೆ ಬಟ್ಟೆಯಲ್ಲಿ ಸುತ್ತಿ ಇಡಬೇಡವೆಂದು ಹೇಳಿಯೇ ಹೋಗಬೇಕು. ಬೆಲೆಬಾಳುವ ವಸ್ತುವೆಂದು ಆ ಮನೆಯಲ್ಲಿ ಮೊದಲು ಮಾಡುವ ಕೆಲಸ ಅದೇ.