ಬೆಳೆಯ ವೇಳೆ, ಆರ್ಡರಿನ ವೇಳೆ

ತುಮಕೂರು ರಸ್ತೆಯ ಮಾದನಾಯಕನಹಳ್ಳಿಗೆ ಎರಡು ಕಡೆಯ ನಂಟು. ಬೆಂಗಳೂರಿನ ದಿಕ್ಕಿಗೆ ಪೀಣ್ಯದ ಕಾರ್ಖಾನೆಗಳು, ನೆಲಮಂಗಲದ ದಿಕ್ಕಿಗೆ ರಾಗಿ-ಅವರೆ ಬೆಳೆಯುವ ಹೊಲಗಳು. ದಾಸನಪುರದ ಎಪಿಎಂಸಿ ಪ್ರಾಂಗಣ ಹತ್ತಿರದಲ್ಲೇ ಇದೆ. 2024ರ ನವೆಂಬರ್‌ನಲ್ಲಿ ನಮ್ಮ ಮೆಟ್ರೊ ನಾಗಸಂದ್ರದಿಂದ ಮಾದಾವರದವರೆಗೆ ಬಂದ ಮೇಲೆ ನಗರ ಇನ್ನಷ್ಟು ಸಮೀಪಿಸಿದೆ. ಇಂಥ ಊರಿನಲ್ಲಿ ಸಾವಯವ ದಿನಸಿ ಮಾರುವವರು ಇಂದಲ್ಲ ನಾಳೆ ಒಂದು ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ: ಆನ್‌ಲೈನ್ ಆರ್ಡರ್ ವ್ಯವಸ್ಥೆ ಮಾಡಿಕೊಳ್ಳಬೇಕೆ, ಬೇಡವೆ? ಬೇಕು ಎನ್ನುವವರಿಗೂ ಬೇಡ ಎನ್ನುವವರಿಗೂ ಬಲವಾದ ಕಾರಣಗಳಿವೆ.

ಬೇಕು ಎನ್ನುವವರ ಮೊದಲ ಮಾತು ಗಿರಾಕಿಯ ಕುರಿತದ್ದು. ಕೊರಲೆ, ಸಾಮೆ, ರಾಜಮುಡಿ ಅಕ್ಕಿ, ಗಾಣದ ಎಣ್ಣೆಯನ್ನು ಹುಡುಕಿಕೊಂಡು ಬರುವವರು ಒಂದೇ ಬೀದಿಯಲ್ಲಿ ಗುಂಪಾಗಿ ಸಿಗುವುದಿಲ್ಲ. ಮಾಕಳಿಯಲ್ಲಿ ನಾಲ್ಕು ಮನೆ, ಅಂಚೆಪಾಳ್ಯದ ಅಪಾರ್ಟ್‌ಮೆಂಟಿನಲ್ಲಿ ಹತ್ತು ಮನೆ, ದಾಸರಹಳ್ಳಿಯಲ್ಲಿ ಮತ್ತಷ್ಟು ಎಂದು ಚದುರಿಕೊಂಡಿರುತ್ತಾರೆ. ನಡೆದು ಬರುವಷ್ಟು ದೂರದ ಗಿರಾಕಿಗಳನ್ನೇ ನಂಬಿ ಸಾಮಾನ್ಯ ಕಿರಾಣಿ ಅಂಗಡಿ ಬದುಕಬಹುದು, ಸಾವಯವ ಅಂಗಡಿಗೆ ಅದು ಕಷ್ಟ. ಶಿಫ್ಟ್ ಮುಗಿಸಿ ಮನೆ ಸೇರುವ ಹೊತ್ತಿಗೆ ಅಂಗಡಿಯ ಬಾಗಿಲು ಹಾಕಿರುತ್ತದೆ ಎಂಬುದೂ ನಿಜವೇ. ಇದೇ ಹೆದ್ದಾರಿಯ ಸೀಮೆಯ ಉದಾಹರಣೆಯೊಂದನ್ನು ಅವರು ಎತ್ತಿ ತೋರಿಸುತ್ತಾರೆ. ತಿಪಟೂರಿನಲ್ಲಿ 2010ರಲ್ಲಿ ಆರಂಭವಾದ ಅಕ್ಷಯಕಲ್ಪ ಸಂಸ್ಥೆ ಸಾವಯವ ಹಾಲನ್ನು ಬೆಂಗಳೂರಿನ ಮನೆಬಾಗಿಲಿಗೆ ಮುಟ್ಟಿಸಿ, ಆ್ಯಪ್ ಮೂಲಕವೇ ನಿತ್ಯದ ಆರ್ಡರ್ ಪಡೆಯುವ ಪದ್ಧತಿಯನ್ನು ಬೆಳೆಸಿದೆ. ಹಳ್ಳಿಯ ಕೊಟ್ಟಿಗೆಗೂ ನಗರದ ಅಡುಗೆಮನೆಗೂ ನಡುವೆ ತಂತ್ರಜ್ಞಾನ ಸೇತುವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಸಿಗುವುದು ಕಷ್ಟ.

ಆದರೆ ಹಾಲು ದಿನವೂ ಕರೆಯುವ ವಸ್ತು. ದಿನಸಿಯ ಲೆಕ್ಕ ಬೇರೆ ಎನ್ನುವುದು ಎದುರು ಪಕ್ಷದ ಉತ್ತರ. ನನಗೆ ಈ ವಾದದ ಕೇಂದ್ರವೇ ಇಲ್ಲಿದೆ ಎನಿಸುತ್ತದೆ. ಕೀಟನಾಶಕದ ಹೊಗೆ ಹಾಕದ ಧಾನ್ಯಕ್ಕೆ ಮಳೆಗಾಲದಲ್ಲಿ ಬೇಗ ಹುಳ ಬೀಳುತ್ತದೆ. ಮೂಟೆಗಟ್ಟಲೆ ತಂದು ಗೋದಾಮಿನಲ್ಲಿ ಪೇರಿಸುವಂತಿಲ್ಲ. ಈ ಸಲದ ಬೆಲ್ಲದ ಬಣ್ಣ ಹೋದ ಸಲದ ಹಾಗಿರುವುದಿಲ್ಲ. ಒಬ್ಬ ರೈತನ ತೊಗರಿ ಮುಗಿದರೆ ಇನ್ನೊಬ್ಬನದು ಬರುವತನಕ ಕಾಯಬೇಕು. ಪರದೆಯ ಮೇಲಿನ ಪಟ್ಟಿ ಮಾತ್ರ ವರ್ಷಪೂರ್ತಿ ಒಂದೇ ಬಣ್ಣ, ಒಂದೇ ಬೆಲೆ, ಸದಾ ಲಭ್ಯ ಎಂಬ ಭರವಸೆಯನ್ನು ಹುಟ್ಟಿಸುತ್ತದೆ. ಸಾಮೆ ಇಲ್ಲದ ದಿನ ಅಂಗಡಿಯವರು ಎದುರಿಗಿದ್ದರೆ, ‘ಈ ಸಲ ನವಣೆ ತಗೊಂಡ್ ಹೋಗಿಯಮ್ಮ, ಬಿಸಿಬೇಳೆಬಾತಿಗೆ ಇನ್ನೂ ಚೆನ್ನಾಗಿರತ್ತೆ’ ಎನ್ನಬಹುದು. ಮೊಬೈಲು ‘ಸ್ಟಾಕ್ ಇಲ್ಲ’ ಎಂದಷ್ಟೇ ಹೇಳುತ್ತದೆ. ಗಿರಾಕಿ ಬೇರೆ ಆ್ಯಪ್‌ಗೆ ಹೋಗುತ್ತಾರೆ. ಆ ಭಯದಿಂದಲೇ ಅಂಗಡಿಯವರು ಯಾವುದಾದರೂ ಮಾಲು ತಂದು ಪಟ್ಟಿ ತುಂಬಿಸುವ ಆಮಿಷಕ್ಕೆ ಬೀಳಬಹುದು. ಸಾವಯವ ಎಂಬ ಹೆಸರಿಗೆ ಅದಕ್ಕಿಂತ ದೊಡ್ಡ ಅಪಾಯವಿಲ್ಲ.

ಇದಕ್ಕೆ ಮೊದಲ ಪಕ್ಷದವರ ಮರುತ್ತರವೂ ಸತ್ವಯುತವಾದದ್ದೇ. ಬೇಗ ಕೆಡುವ ಮಾಲೆಂದ ಮೇಲೆ ಯಾರಿಗೆ ಏನು ಬೇಕು ಎಂಬುದು ಮುಂಚಿತವಾಗಿ ತಿಳಿದರಷ್ಟೇ ನಷ್ಟ ತಪ್ಪೀತು. ಬಂದ ಆರ್ಡರುಗಳನ್ನು ಕೂಡಿಸಿ ಬೇಕಾದಷ್ಟನ್ನೇ ತರಿಸಿಕೊಂಡರೆ ಹುಳ ಬೀಳುವಷ್ಟು ದಿನ ಮಾಲು ಅಂಗಡಿಯಲ್ಲಿ ಉಳಿಯುವುದೇ ಇಲ್ಲ. ಕರ್ನಾಟಕ ಸಾವಯವ ಕೃಷಿ ನೀತಿಯನ್ನು 2004ರಲ್ಲೇ ಪ್ರಕಟಿಸಿತು. ಆಮೇಲೆ ರೈತರ ಸಂಘಗಳು, ಒಕ್ಕೂಟಗಳು, ಉತ್ಪಾದಕರ ಕಂಪನಿಗಳು ಹುಟ್ಟಿಕೊಂಡವು. ಆದರೂ ಮುಂದಿನ ಹಂಗಾಮಿಗೆ ಎಷ್ಟು ಬಿತ್ತಿದರೆ ಎಷ್ಟು ಮಾರಾಟವಾದೀತು ಎಂಬ ಮಾಹಿತಿ ಬೆಳೆಗಾರನಿಗೆ ಸಿಗುವುದು ಇಂದಿಗೂ ದುರ್ಲಭ. ಆರ್ಡರುಗಳ ದಾಖಲೆ ಆ ಕೊರತೆಯನ್ನು ಸ್ವಲ್ಪ ತುಂಬಬಲ್ಲದು. ಜೊತೆಗೆ ನಂಬಿಕೆಯ ಪ್ರಶ್ನೆಯಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ಸಾವಯವ ಆಹಾರ ನಿಯಮಗಳ ಪ್ರಕಾರ ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾ ಪ್ರಮಾಣೀಕರಣ ಮುಖ್ಯ. ಪ್ರಮಾಣಪತ್ರ, ರೈತ ಗುಂಪು, ಕೊಯ್ಲಿನ ತಿಂಗಳು ಇವನ್ನೆಲ್ಲ ಗೋಣಿಚೀಲದ ಮೇಲೆ ಬರೆಯುವುದು ಕಷ್ಟ, ಆನ್‌ಲೈನ್ ಪುಟದಲ್ಲಿ ಸುಲಭ.

ಖರ್ಚಿನ ವಿಷಯಕ್ಕೆ ಬಂದರೆ ವಿರೋಧಿಗಳ ಕೈ ಮೇಲಾಗುತ್ತದೆ. ಸಾಫ್ಟ್‌ವೇರಿನ ಹಣ ಒಮ್ಮೆ ಕೊಟ್ಟರೆ ಮುಗಿಯಬಹುದು. ತೂಗಿ ಪೊಟ್ಟಣ ಕಟ್ಟುವುದು, ತಲುಪಿಸುವುದು, ವಾಪಸ್ ಬಂದದ್ದನ್ನು ತೆಗೆದುಕೊಳ್ಳುವುದು ಪ್ರತಿ ಆರ್ಡರಿಗೂ ಬರುವ ವೆಚ್ಚ. ಅಕ್ಕಿ-ಬೇಳೆಯನ್ನು ಬಿಡಿಯಾಗಿ ತೂಗಿ ಕೊಟ್ಟರೆ ಜಿಎಸ್‌ಟಿ ಇಲ್ಲ. ಅದನ್ನೇ ಮೊದಲೇ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದರೆ, 25 ಕಿಲೊವರೆಗಿನ ಪೊಟ್ಟಣಕ್ಕೆ 2022ರ ಜುಲೈ 18ರಿಂದ ಶೇ 5ರ ತೆರಿಗೆಯಿದೆ. ಆನ್‌ಲೈನ್ ಮಾರಿದ ಆಹಾರ ಗಿರಾಕಿಯ ಕೈಸೇರುವಾಗ ಅದರ ಬಾಳಿಕೆಯಲ್ಲಿ ಶೇ 30ರಷ್ಟು ಅಥವಾ ಕನಿಷ್ಠ 45 ದಿನ ಉಳಿದಿರಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದೆ. 2020ರ ಇ-ಕಾಮರ್ಸ್ ನಿಯಮಗಳು ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಬೇಕೆನ್ನುತ್ತವೆ. ಇವೆಲ್ಲ ಗ್ರಾಹಕರ ಹಿತಕ್ಕೆ ಬಂದ ನಿಯಮಗಳೇ. ಹಾಗಿದ್ದೂ ಗಂಡ-ಹೆಂಡತಿ ಇಬ್ಬರೇ ನಡೆಸುವ ಅಂಗಡಿಗೆ ಇವು ಹಗುರವಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದಾಗ ಬೆಂಗಳೂರಿನ ಎಷ್ಟೋ ಸಣ್ಣ ಅಂಗಡಿಗಳು ಕ್ಯೂಆರ್ ಕೋಡ್ ತೆಗೆದುಹಾಕಿದ್ದು ನೆನಪಿನಲ್ಲಿದೆ. ತೆರಿಗೆ ಕಟ್ಟುವುದು ಕರ್ತವ್ಯ ಎಂದು ಒಪ್ಪುವವರೂ ಲೆಕ್ಕಪತ್ರಕ್ಕೆ ಸಿದ್ಧರಾಗದೆ ಡಿಜಿಟಲ್ ವಹಿವಾಟಿಗೆ ಇಳಿದರೆ ಏನಾಗುತ್ತದೆಂಬುದನ್ನು ಆಗ ಕಂಡರು.

ಇನ್ನು ಸ್ವಂತ ವ್ಯವಸ್ಥೆಯೋ, ದೊಡ್ಡ ವೇದಿಕೆಯೋ? ಹತ್ತು ನಿಮಿಷದಲ್ಲಿ ತಲುಪಿಸುವ ಕಂಪನಿಗಳ ಬಳಿ ಗಿರಾಕಿಗಳು, ಹಣ ಪಾವತಿಯ ವ್ಯವಸ್ಥೆ, ಡೆಲಿವರಿ ಹುಡುಗರು ಎಲ್ಲವೂ ಸಿದ್ಧವಾಗಿವೆ. ಪ್ರತಿಯಾಗಿ ಅವು ಕಮಿಷನ್ ಕೇಳುತ್ತವೆ, ಮಾಲು ಯಾವಾಗಲೂ ಇರಬೇಕೆನ್ನುತ್ತವೆ, ಗಿರಾಕಿಯ ಹೆಸರು ವಿಳಾಸ ತಮ್ಮಲ್ಲೇ ಇಟ್ಟುಕೊಳ್ಳುತ್ತವೆ. 2022ರಲ್ಲಿ ಬೆಂಗಳೂರಿನಲ್ಲಿ ಸಾರ್ವಜನಿಕರ ಬಳಕೆಗೆ ಪ್ರಯೋಗ ಆರಂಭಿಸಿದ ಒಎನ್‌ಡಿಸಿ ಎಂಬ ಡಿಜಿಟಲ್ ವಾಣಿಜ್ಯದ ಮುಕ್ತ ಜಾಲ ಈ ಏಕಸ್ವಾಮ್ಯವನ್ನು ಸಡಿಲಿಸುವ ಆಶಯದ್ದು. ಆದರೆ ಅಲ್ಲಿಯೂ ಪಟ್ಟಿ, ಪ್ಯಾಕಿಂಗ್, ಸಮಯಪಾಲನೆಯ ಹೊರೆ ಅಂಗಡಿಯವರ ಮೇಲೆಯೇ.

ಬೆಂಗಳೂರಿಗೆ ಈ ವಿಷಯದಲ್ಲಿ ಕಾಲು ಶತಮಾನದ ಅನುಭವವಿದೆ. 1999ರಲ್ಲಿ ಇಲ್ಲೇ ಆರಂಭವಾದ ಫ್ಯಾಬ್‌ಮಾರ್ಟ್ ಮೊದಲು ಇಂಟರ್‌ನೆಟ್ಟಿನಲ್ಲಿ ಮಾರಿತು, ಆಮೇಲೆ ಫ್ಯಾಬ್‌ಮಾಲ್ ಎಂಬ ಅಂಗಡಿಗಳನ್ನು ತೆರೆಯಿತು. ಅದನ್ನು ಕಟ್ಟಿದವರಲ್ಲಿ ಕೆಲವರು 2011ರಲ್ಲಿ ಬಿಗ್‌ಬಾಸ್ಕೆಟ್ ಮೂಲಕ ಮತ್ತೆ ಆನ್‌ಲೈನಿಗೆ ಮರಳಿದರು. ಎರಡೂ ಪಕ್ಷದವರು ಈ ಚರಿತ್ರೆಯನ್ನು ತಮ್ಮ ಪರವಾಗಿ ಓದಬಹುದು. ಕಾಲ ಕೂಡಿಬಂದರೆ ಆನ್‌ಲೈನ್ ಗೆಲ್ಲುತ್ತದೆ ಎಂದು ಒಬ್ಬರು, ಅನುಭವವೂ ಬಂಡವಾಳವೂ ಇದ್ದವರಿಗೇ ಅಂಗಡಿಯ ಆಸರೆ ಬೇಕಾಯಿತು ಎಂದು ಇನ್ನೊಬ್ಬರು. ಎರಡು ಓದೂ ತಪ್ಪಲ್ಲ.

ಹಾಗಾದರೆ ಯಾವ ಕಡೆ ವಾಲುವುದು? ಆರ್ಡರ್ ಪಡೆಯುವ ವ್ಯವಸ್ಥೆ ಬೇಕು, ಆದರೆ ಅದರ ವೇಳಾಪಟ್ಟಿ ಹೊಲದ ಕಡೆಯಿಂದ ಬರಬೇಕು ಎಂಬುದು ನನ್ನ ಎಚ್ಚರಿಕೆಯ ಅಭಿಪ್ರಾಯ. ವಾರಕ್ಕೊಮ್ಮೆ ಪಟ್ಟಿ ತೆರೆಯಲಿ. ಕೈಯಲ್ಲಿರುವ, ಇಲ್ಲವೇ ರೈತರು ಕೊಡುವೆನೆಂದು ಒಪ್ಪಿರುವ ಮಾಲಷ್ಟೇ ಅದರಲ್ಲಿರಲಿ. ಬುಧವಾರವೋ ಗುರುವಾರವೋ ಆರ್ಡರ್ ನಿಲ್ಲಿಸಿ, ಶನಿವಾರ-ಭಾನುವಾರ ಕೊಡಲಿ. ಹತ್ತಿರದವರು ಅಂಗಡಿಗೇ ಬಂದು ಒಯ್ಯಲಿ, ಅಪಾರ್ಟ್‌ಮೆಂಟುಗಳಿಗೆ ಒಂದೇ ಸುತ್ತಿನಲ್ಲಿ ತಲುಪಲಿ. ಮನೆ ನಂಬರಿಲ್ಲದ ಹೊಸ ಬಡಾವಣೆಗಳಲ್ಲಿ ವಿಳಾಸ ಹುಡುಕುವ ಕಷ್ಟವೂ ಹೀಗೆ ತಗ್ಗುತ್ತದೆ. ಆರಂಭಕ್ಕೆ ವಾಟ್ಸ್‌ಆ್ಯಪ್ ಬಿಸಿನೆಸ್‌ನ ಪಟ್ಟಿಯೇ ಸಾಕಾದೀತು. ಪಟ್ಟಿ ಕನ್ನಡದಲ್ಲಿಯೂ ಇರಬೇಕು, ಫೋನ್ ಮಾಡಿ ಹೇಳುವವರ ಆರ್ಡರನ್ನೂ ಅದೇ ಲೆಕ್ಕಕ್ಕೆ ಬರೆದುಕೊಳ್ಳಬೇಕು. ಬೇಗ ಕೆಡದ ಜೇನುತುಪ್ಪದಂಥ ಒಂದೆರಡು ಪದಾರ್ಥಗಳನ್ನು ದೊಡ್ಡ ವೇದಿಕೆಯಲ್ಲಿ ಮಾರಿ ನೋಡುವುದಕ್ಕೆ ಅಡ್ಡಿಯಿಲ್ಲ.

ಈ ಹಾದಿಗೂ ಬೆಲೆ ತೆರಬೇಕು. ಇಂದೇ ಬೇಕೆನ್ನುವ ಗಿರಾಕಿ ಕೈತಪ್ಪುತ್ತಾರೆ, ವ್ಯಾಪಾರ ನಿಧಾನವಾಗಿ ಬೆಳೆಯುತ್ತದೆ. ಕಟ್ಟಡದ ಬಾಡಿಗೆ ಏರುತ್ತಿರುವ ಹೆದ್ದಾರಿಯ ಅಂಚಿನಲ್ಲಿ ಆ ನಿಧಾನವನ್ನು ಎಲ್ಲರೂ ತಾಳಲಾರರು. ಆದ್ದರಿಂದ ಆ್ಯಪ್ ಮಾಡಿಸಲು ಮುಂಗಡ ಕೊಡುವ ಮುನ್ನ ಅಂಗಡಿಯವರು ಒಂದು ಹಂಗಾಮು ಪೂರ್ತಿ, ಮುಂಗಾರಿನ ಬಿತ್ತನೆಯಿಂದ ಸುಗ್ಗಿಯವರೆಗೆ, ಯಾವ ವಾರ ಯಾವ ಮಾಲು ಬಂತು, ಯಾವುದು ಮುಗಿಯಿತು, ಯಾವುದಕ್ಕೆ ಹುಳ ಬಿತ್ತು ಎಂದು ಒಂದು ಪುಸ್ತಕದಲ್ಲಿ ಬರೆದಿಡಲಿ. ಸಾಫ್ಟ್‌ವೇರ್ ಬರೆಯುವವರ ಮುಂದೆ ಮೊದಲು ಇಡಬೇಕಾದದ್ದು ಆ ಪುಸ್ತಕವನ್ನು.