ಕಪ್ಪೆಯಲ್ಲದ ಕಪ್ಪೆಮೀನು

ಮಳೆಗಾಲದಲ್ಲಿ ಬೈಲಹೊಂಗಲ, ಕಿತ್ತೂರು ಕಡೆಯ ಹೊಂಡಗಳಲ್ಲಿ ಬಾಲ ಅಲ್ಲಾಡಿಸುತ್ತ ಓಡಾಡುವ ಕರಿಯ ಮರಿಗಳನ್ನು ಮಕ್ಕಳು ಮೀನೆಂದೇ ತಿಳಿದು ಬಾಟಲಿಗೆ ತುಂಬುತ್ತಾರೆ. ಕೆಲವು ವಾರಗಳಲ್ಲಿ ಕಾಲು ಮೂಡಿ, ಬಾಲ ಕರಗಿ ‘ಮೀನು’ ಕಪ್ಪೆಯಾಗುತ್ತದೆ. ಅದು ಗೊದಮೊಟ್ಟೆ, ಮೀನಿನಂತೆ ಕಾಣುವ ಕಪ್ಪೆಮರಿ. ಇದಕ್ಕೆ ತದ್ವಿರುದ್ಧವಾಗಿ ಕಪ್ಪೆಯಂತೆ ಕಾಣುವ ಮೀನೂ ಉಂಟು. ಇಂಗ್ಲಿಷಿನಲ್ಲಿ ಅದಕ್ಕೆ ಫ್ರಾಗ್‌ಫಿಶ್ ಎನ್ನುತ್ತಾರೆ. ನಾವು ಕಪ್ಪೆಮೀನು ಎನ್ನೋಣ.

ರಾಮದುರ್ಗವನ್ನು ದಾಟಿ ಹರಿಯುವ ಮಲಪ್ರಭೆಯಲ್ಲಾಗಲಿ, ಸವದತ್ತಿಯ ನವಿಲುತೀರ್ಥ ಜಲಾಶಯದಲ್ಲಾಗಲಿ ಇದು ಸಿಗದು. ಇದರ ವಾಸ ಬೆಚ್ಚಗಿನ ಸಮುದ್ರಗಳಲ್ಲಿ. ಭಾರತದ ಕಡಲಲ್ಲಿಯೂ ಇದೆ; 1964ರಲ್ಲಿ ಹೆಸರು ಪಡೆದ ಒಂದು ಪ್ರಭೇದಕ್ಕೆ ‘ಇಂಡಿಕಸ್’ ಎಂದೇ ಹೆಸರು.

ಮುದ್ದೆಯಂಥ ಮೈ, ಅಗಲ ಬಾಯಿ. ಪಕ್ಕದ ಈಜುರೆಕ್ಕೆಗಳು ಮೊಣಕೈಯಂತೆ ಬಾಗಿರುವುದರಿಂದ ಕಡಲ ತಳದಲ್ಲಿ ಈಜುವುದಕ್ಕಿಂತ ನಡೆಯುವುದೇ ಹೆಚ್ಚು. ಬೆನ್ನಿನ ಮೊದಲ ಮುಳ್ಳು ಗಾಳದ ಕೋಲಾಗಿ ಮಾರ್ಪಟ್ಟು ಬಾಯಿಯ ಮುಂದೆ ತೂಗುತ್ತದೆ. ತುದಿಯಲ್ಲಿ ಹುಳುವಿನಂಥ ತುಣುಕು. ಅದನ್ನು ತಿನ್ನಲು ಬಂದ ಮೀನು ಸೆಕೆಂಡಿನ ನೂರನೆಯ ಒಂದು ಭಾಗದೊಳಗೆ ಬಾಯಿಯೊಳಗಿರುತ್ತದೆ! ಮೀನು ಹಿಡಿಯುವ ಗಾಳವನ್ನು ಮನುಷ್ಯನೇ ಮೊದಲು ಕಂಡುಹಿಡಿದನೆಂದು ಯಾರೂ ಬೀಗಬೇಕಿಲ್ಲ. ತೇಲುವ ಕಡಲಕಳೆಯಲ್ಲಿ ವೇಷ ಮರೆಸಿಕೊಂಡು ಕೂರುವ ಒಂದು ಪ್ರಭೇದಕ್ಕೆ 1758ರಲ್ಲಿ ಲಿನೇಯಸ್ ‘ಹಿಸ್ಟ್ರಿಯೊ’ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಹಾಗೆಂದರೆ ನಟ.

‘ಕಪ್ಪೆಮೀನು ಯಾವ ವರ್ಗಕ್ಕೆ ಸೇರಿದೆ?’ ಎಂಬ ಪ್ರಶ್ನೆ ಬಂದರೆ ಹೆಸರನ್ನು ನಂಬಿ ‘ಉಭಯವಾಸಿ’ ಎಂದು ಬರೆದವರ ಅಂಕ ಹೋಯಿತೆಂದೇ ಲೆಕ್ಕ. ಹಾಗೆಂದು ‘ಮೀನು’ ಎಂಬ ಹೆಸರನ್ನೂ ನಂಬುವಂತಿಲ್ಲ. ನಕ್ಷತ್ರಮೀನು ಮೀನಲ್ಲ, ಅದಕ್ಕೆ ಬೆನ್ನೆಲುಬೇ ಇಲ್ಲ. ವರ್ಗೀಕರಣದಲ್ಲಿ ಮುಖ ನೋಡಿ ಮಣೆ ಹಾಕುವಂತಿಲ್ಲ. ಕಪ್ಪೆಯ ಮುಂಗಾಲಿನಲ್ಲಿ ತೋಳಿನ ಎಲುಬು, ಬೆರಳಿನ ಎಲುಬುಗಳಿವೆ. ಕಪ್ಪೆಮೀನಿನ ‘ಕೈ’ಯಲ್ಲಿರುವುದು ಈಜುರೆಕ್ಕೆಯ ಕಡ್ಡಿಗಳು. ಕಪ್ಪೆ ಬೆಳೆದಂತೆ ಕಿವಿರು ಬಿಟ್ಟು ಶ್ವಾಸಕೋಶ ಪಡೆಯುತ್ತದೆ. ಇದಕ್ಕೆ ಬದುಕಿರುವವರೆಗೂ ಕಿವಿರೇ. ಆದ್ದರಿಂದ ಇದು ಕಶೇರುಕಗಳಲ್ಲಿ ಕಡ್ಡಿರೆಕ್ಕೆಯ ಮೀನುಗಳ ವರ್ಗಕ್ಕೆ ಸೇರಿದ್ದು. ಗಣ ಲೋಫಿಫಾರ್ಮಿಸ್, ಅಂದರೆ ಗಾಳದ ಮೀನುಗಳು, ಕುಟುಂಬ ಆಂಟೆನಾರಿಡೆ.

ವರ್ಗ ಗೊತ್ತಾದರೂ ನೆಂಟಸ್ತಿಕೆಯ ವಿಷಯದಲ್ಲಿ ವಿಜ್ಞಾನಿಗಳೇ ಎಡವಿದ್ದರು. ಎಲುಬು, ಸ್ನಾಯುಗಳ ಹೋಲಿಕೆ ನೋಡಿ 1966ರ ಪ್ರಸಿದ್ಧ ವರ್ಗೀಕರಣವೊಂದು ಗಾಳದ ಮೀನುಗಳನ್ನೂ ಟೋಡ್‌ಫಿಶ್‌ಗಳನ್ನೂ ಕಾಡ್ ಮೀನುಗಳನ್ನೂ ಒಂದೇ ಗುಂಪಿಗೆ ಸೇರಿಸಿತ್ತು. 2000ದ ನಂತರ ಡಿ.ಎನ್.ಎ. ಪರೀಕ್ಷೆಗಳು ಆ ಗುಂಪನ್ನು ಒಡೆದವು. ಗಾಳದ ಮೀನುಗಳಿಗೆ ಹತ್ತಿರದ ನೆಂಟರೆಂದು ಈಗ ತಿಳಿದಿರುವುದು ಮೈ ಉಬ್ಬಿಸಿಕೊಳ್ಳುವ ಪಫರ್ ಮೀನುಗಳ ಗಣ.

ಪಾಲಕರು ಮಕ್ಕಳಿಗೆ ಹಳೆಯ ಪುಸ್ತಕಗಳನ್ನು ಕೊಡಿಸುವಾಗ ಒಳಪುಟದಲ್ಲಿ ಪ್ರಕಟಣೆಯ ವರ್ಷ ನೋಡಬೇಕು. ವರ್ಗೀಕರಣದ ಕೋಷ್ಟಕವಿರುವ ಪುಸ್ತಕವಾದರೆ ಇದನ್ನು ತಪ್ಪಿಸಲೇಬಾರದು.